ಯಾವ ಟ್ಯಾಂಕ್ ಭಾರಿ? ಎರೆ ಹೊಲದಿಂದ ಒಂದು ಲೆಕ್ಕ

ಕಲಬುರಗಿ ಕೋಟೆಯೊಳಗೆ ಬಾರಾ ಗಜಿ ತೋಪು ಇದೆಯಲ್ಲ, 29 ಅಡಿ ಉದ್ದ ಅಂತಾರೆ, ಅದರ ಮುಂದೆ ನಿಂತು ನನ್ನ ತಮ್ಮನ ಮಗ ಒಂದು ಮಾತು ಅಂದ. "ಕಾಕಾ, ಟೈಗರ್ ಟ್ಯಾಂಕಿನ ಮುಂದ ಇದು ಏನೂ ಅಲ್ಲ ಬಿಡ್ರಿ. ಜಗತ್ತಿನಾಗ ಟೈಗರೇ ಭಾರಿ ಅದ." ಪಿಯುಸಿ ಓದುವ ಹುಡುಗ. ಫೋನಿನ ವಾಲ್‌ಪೇಪರ್ ಕೂಡ ಎರಡನೇ ಮಹಾಯುದ್ಧದ ಆ ಜರ್ಮನ್ ಟೈಗರ್ ಟ್ಯಾಂಕೇ. ನಾನು ಕೇಳಿದೆ, "ಈ ತೋಪು ಇಲ್ಲಿಂದ ಸೂಪರ್ ಮಾರ್ಕೆಟ್ ತನಕ ಒಯ್ಯಬೇಕಂದ್ರ ಹ್ಯಾಂಗ ಒಯ್ತೀಯೋ?" ನಕ್ಕ. ಆಮೇಲೆ ಸ್ವಲ್ಪ ಯೋಚನೆ ಮಾಡಿದ.

ಟ್ಯಾಂಕ್ ಅನ್ನೋದು ಅರ್ಥವಾಗಬೇಕಾದರೆ ಕೋಟೆಯಲ್ಲಿ ನಿಂತುಕೊಳ್ಳುವುದೇ ಸರಿ. ತೋಪು ಇದೆ, ದಪ್ಪ ಗೋಡೆ ಇದೆ. ಆದರೆ ಎರಡೂ ಇದ್ದಲ್ಲೇ ಇವೆ. ಹೊರಗೆ ರಸ್ತೆಯಲ್ಲಿ ಬಂಡಿ ಓಡಾಡುತ್ತಿದೆ, ಅದಕ್ಕೆ ಗೋಡೆಯೂ ಇಲ್ಲ ತೋಪೂ ಇಲ್ಲ. ಈ ಮೂರನ್ನೂ ಒಂದೇ ಕಬ್ಬಿಣದ ಪೆಟ್ಟಿಗೆಯಲ್ಲಿ ತುಂಬಿದರೆ ಅದೇ ಟ್ಯಾಂಕ್. ತೊಂದರೆ ಏನಂದರೆ ಈ ಮೂರೂ ಒಂದಕ್ಕೊಂದು ಜಗಳ ಆಡುತ್ತವೆ. ಗೋಡೆ ದಪ್ಪ ಮಾಡಿದರೆ ಬಂಡಿ ಓಡುವುದಿಲ್ಲ. ಬಂಡಿ ಹಗುರ ಮಾಡಿದರೆ ಗೋಡೆ ತೂತಾಗುತ್ತದೆ. ದೊಡ್ಡ ತೋಪು ಇಟ್ಟರೆ ಅದರ ಗುಂಡುಗಳನ್ನು ಇಡಲು ಜಾಗ ಬೇಕು, ಜಾಗ ಜಾಸ್ತಿಯಾದರೆ ಸುತ್ತ ಗೋಡೆಯೂ ಜಾಸ್ತಿ ಬೇಕು, ಮತ್ತೆ ತೂಕ. ನೂರು ವರ್ಷದಿಂದ ಎಂಜಿನಿಯರುಗಳು ಮಾಡುತ್ತಿರುವುದು ಈ ಮೂವರ ನಡುವಿನ ಪಂಚಾಯ್ತಿ ಅಷ್ಟೇ.

ಹೆಸರಿನ ಕತೆ ಚೆನ್ನಾಗಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಇದನ್ನು ಗುಟ್ಟಾಗಿ ಕಟ್ಟುತ್ತಿದ್ದರು. ಯಾರಾದರೂ ಏನಿದು ಅಂತ ಕೇಳಿದರೆ ನೀರಿನ ಟ್ಯಾಂಕ್ ಅನ್ನುತ್ತಿದ್ದರು. ಹೆಸರು ಹಾಗೇ ಉಳಿಯಿತು. ಆ ಇಂಗ್ಲಿಷ್ ಪದವೇ ಗುಜರಾತಿಯ 'ಟಾಂಕಿ'ಯಿಂದ ಹೋಗಿದ್ದು ಅನ್ನುವವರೂ ಇದ್ದಾರೆ. ನಮ್ಮ ಕಡೆ ಮನೆ ಮೇಲಿನ ನೀರಿನ ಟಾಕಿ ಅಂತೀವಲ್ಲ, ಅದೇ ಬಳಗ.

ಮೊದಲ ಸಲ ಟ್ಯಾಂಕ್ ಯುದ್ಧಕ್ಕೆ ಇಳಿದಿದ್ದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೊಮ್ ಕಣದಲ್ಲಿ. 28 ಟನ್ ತೂಕ, ಒಳಗೆ ಎಂಟು ಜನ, ಮನುಷ್ಯ ನಡೆಯುವಷ್ಟು ವೇಗ. ಅದಕ್ಕೆ ಎರಡು ತಿಂಗಳ ಮೊದಲು, ಜುಲೈ 14ರಂದು, ಅದೇ ಸೊಮ್ ಕಣದ ಹೈ ವುಡ್ ಅನ್ನುವ ಕಾಡಿನ ಹತ್ತಿರ ಕುದುರೆ ಸವಾರರು ಭರ್ಚಿ ಹಿಡಿದು ನುಗ್ಗಿದ್ದರು. ಅವರಲ್ಲಿ ಒಂದು ಪಡೆಯ ಹೆಸರು 20ನೇ ಡೆಕ್ಕನ್ ಹಾರ್ಸ್. ಡೆಕ್ಕನ್ ಅಂದರೆ ನಮ್ಮದೇ ದಖ್ಖನ್, ನಿಜಾಮನ ಕಾಲದ ಕುದುರೆ ಪಡೆಗಳಿಂದ ಬೆಳೆದ ರೆಜಿಮೆಂಟ್ ಅದು. ಮೆಷಿನ್‌ಗನ್ ಎದುರು ಭರ್ಚಿ! ಸೆಪ್ಟೆಂಬರ್ 15ಕ್ಕೆ ಅದೇ ಹೈ ವುಡ್‌ಗೆ ಟ್ಯಾಂಕ್ ಕಳಿಸಿದರು, ಅವು ಬಿದ್ದ ಮರದ ಬೊಡ್ಡೆಗಳ ನಡುವೆ ಸಿಕ್ಕಿಕೊಂಡವು. ಆ ದಿನಕ್ಕೆ ಅಂತ ತಂದಿದ್ದ 49 ಟ್ಯಾಂಕ್‌ಗಳಲ್ಲಿ ಹೊರಡುವ ಗೆರೆಯ ತನಕ ಬಂದಿದ್ದೇ ಮೂವತ್ತು ಚಿಲ್ಲರೆ. ಉಳಿದವು ದಾರಿಯಲ್ಲೇ ಕೆಟ್ಟವು, ಹೂತವು. ಡೆಕ್ಕನ್ ಹಾರ್ಸ್ ಮಾತ್ರ ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಈಗ ಹೂತು ಹೋಗುವ ವಿಷಯ. ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕಿಂತ ಮೊದಲು ಜೇವರ್ಗಿ ಹತ್ತಿರದ ನಮ್ಮ ಹೊಲದಲ್ಲಿ ನೋಡಿದ್ದೇನೆ. ಉತ್ತರಿ ಮಳೆ ಬಿದ್ದು ಎರಡು ದಿನ ಆಗಿತ್ತು. ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು. ಹಿಂಗಾರಿ ಜೋಳಕ್ಕೆ ಹೊಲ ಹರಗಬೇಕು ಅಂತ ಅವಸರ ಮಾಡಿ ಬಾಡಿಗೆ ಟ್ರ್ಯಾಕ್ಟರ್ ಇಳಿಸಿದೆವು. ಬದು ದಾಟಿ ಇಪ್ಪತ್ತು ಹೆಜ್ಜೆ ಹೋಗಿಲ್ಲ, ಹಿಂದಿನ ಗಾಲಿ ಅಚ್ಚಿನ ತನಕ ಕುಂತಿತು. ತೊಗರಿ ಕಟ್ಟಿಗೆ ಹಾಕಿದೆವು, ಕಲ್ಲು ಹಾಕಿದೆವು, ನುಂಗಿತು. ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ತಂದರು, ಅದೂ ಕುಂತಿತು. ಕೊನೆಗೆ ಕಾಲುವೆ ಕೆಲಸಕ್ಕೆ ಬಂದಿದ್ದ ಚೈನಿನ ಹಿಟಾಚಿಯನ್ನು ಕೈಕಾಲು ಹಿಡಿದು ಕರೆತಂದೆವು. ಹತ್ತಿರ ಹತ್ತಿರ ಇಪ್ಪತ್ತು ಟನ್ನಿನ ಯಂತ್ರ ಅದು. ಎರಡು ಟನ್ನಿನ ಟ್ರ್ಯಾಕ್ಟರ್ ಮುಳುಗಿದ ಅದೇ ಹೊಲದ ಮೇಲೆ ಬಾತುಕೋಳಿ ಹಾಗೆ ನಡೆದುಕೊಂಡು ಬಂತು! ಹಿಂದೆ ನಾಲ್ಕು ಬೆರಳು ಆಳದ ಗುರುತು, ಅಷ್ಟೇ.

ಗುಟ್ಟು ತೂಕದಲ್ಲಿಲ್ಲ, ತೂಕ ಎಷ್ಟು ಜಾಗದ ಮೇಲೆ ಹರಡಿದೆ ಅನ್ನೋದರಲ್ಲಿದೆ. ಹಿಟಾಚಿಯ ಒಂದೊಂದು ಚೈನು ಪಟ್ಟಿ ಸುಮಾರು 60 ಸೆಂ.ಮೀ. ಅಗಲ, ನೆಲಕ್ಕೆ ತಾಗುವ ಉದ್ದ ಮೂರೂವರೆ ಮೀಟರಿಗೂ ಜಾಸ್ತಿ. ಎರಡು ಪಟ್ಟಿಯ ಜಾಗಕ್ಕೆ ತೂಕ ಭಾಗಿಸಿ ನೋಡಿ, ಒಂದು ಚದರ ಸೆಂ.ಮೀ.ಗೆ ಅರ್ಧ ಕೆಜಿಯೂ ಬೀಳುವುದಿಲ್ಲ. ಎರಡನೇ ಮಹಾಯುದ್ಧದ ಟ್ಯಾಂಕ್‌ಗಳಿಗೂ ಇದೇ ಲೆಕ್ಕ. ರಷ್ಯಾದ ಟಿ-34 ಸುಮಾರು 27 ಟನ್, ಪಟ್ಟಿ 55 ಸೆಂ.ಮೀ. ಅಗಲ, ಲೆಕ್ಕ ಹಾಕಿದರೆ ಚದರ ಸೆಂ.ಮೀ.ಗೆ 0.7 ಕೆಜಿಯೊಳಗೇ ಬರುತ್ತದೆ. ಅಮೆರಿಕದ ಶರ್ಮನ್ 30 ಟನ್, ಪಟ್ಟಿ 42 ಸೆಂ.ಮೀ.; ಅದಕ್ಕೆ ಹತ್ತಿರ ಹತ್ತಿರ ಒಂದು ಕೆಜಿ. ಜರ್ಮನಿಯ ಟೈಗರ್ 57 ಟನ್, ಪಟ್ಟಿ 72 ಸೆಂ.ಮೀ. ಅಗಲ ಇದ್ದರೂ ಒಂದು ಕೆಜಿ ದಾಟುತ್ತದೆ. ರಷ್ಯಾದಲ್ಲಿ ಮಳೆಗಾಲದಲ್ಲೂ, ಹಿಮ ಕರಗುವಾಗಲೂ ನೆಲ ನಮ್ಮ ಎರೆ ಹೊಲದ ಹಾಗೇ ಆಗುತ್ತದೆ. ಅಲ್ಲಿ ಈ ಮುಕ್ಕಾಲು ಕೆಜಿ, ಒಂದು ಕೆಜಿ ನಡುವಿನ ವ್ಯತ್ಯಾಸವೇ ಸಾವು ಬದುಕಿನ ವಿಷಯ.

ಟಿ-34 ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1940ರ ಹೊತ್ತಿಗೆ ಬಂದಿದ್ದು. ಅದರ ಮುಖ್ಯ ಎಂಜಿನಿಯರ್ ಮಿಖಾಯಿಲ್ ಕೋಶ್ಕಿನ್ ಮಾರ್ಚ್ ತಿಂಗಳ ಚಳಿಯಲ್ಲಿ ಮಾದರಿ ಟ್ಯಾಂಕ್‌ಗಳ ಜೊತೆ ಖಾರ್ಕೊವ್‌ನಿಂದ ಮಾಸ್ಕೋ ತನಕ ಹೋದ, ನ್ಯುಮೋನಿಯಾ ಹಿಡಿಯಿತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡ. ತನ್ನ ಟ್ಯಾಂಕ್ ಯುದ್ಧ ಮಾಡಿದ್ದನ್ನು ಅವನು ನೋಡಲೇ ಇಲ್ಲ.

ಅದರ ಮುಂಭಾಗದ ಉಕ್ಕು ಬರೀ 45 ಮಿ.ಮೀ. ದಪ್ಪ. ಆದರೆ ಅದನ್ನು ನೆಟ್ಟಗೆ ನಿಲ್ಲಿಸದೆ ಹಿಂದಕ್ಕೆ 60 ಡಿಗ್ರಿ ಮಲಗಿಸಿದ್ದರು. ಇದರಿಂದ ಏನಾಗುತ್ತದೆ? ಶಹಾಬಾದ್ ಕಲ್ಲಿಗೆ ಡ್ರಿಲ್ ಹಾಕಿಸಿದವರಿಗೆ ಗೊತ್ತಿರುತ್ತದೆ. ಎರಡು ಇಂಚಿನ ಕಲ್ಲಿಗೆ ನೇರ ಹಾಕಿದರೆ ಎರಡು ಇಂಚಿನ ತೂತು. ಅದೇ ಡ್ರಿಲ್ ಓರೆ ಹಿಡಿದರೆ ಅದರ ಮೊನೆ ಕಲ್ಲಿನೊಳಗೆ ಎಷ್ಟೋ ಜಾಸ್ತಿ ದೂರ ಹೋಗಬೇಕು, ಎಷ್ಟೋ ಸಲ ಕಚ್ಚುವುದೇ ಇಲ್ಲ, ಜಾರುತ್ತದೆ. 60 ಡಿಗ್ರಿ ಮಲಗಿದ 45 ಮಿ.ಮೀ. ಉಕ್ಕನ್ನು ನೇರ ಬರುವ ಗುಂಡು ದಾಟಬೇಕಾದರೆ 90 ಮಿ.ಮೀ. ದಾರಿ. ಉಕ್ಕಿನ ದಪ್ಪ ಅಷ್ಟೇ, ಎದುರಿನವನಿಗೆ ಕೆಲಸ ಎರಡು ಪಟ್ಟು. ಡೀಸೆಲ್ ಎಂಜಿನ್, ಅಗಲ ಪಟ್ಟಿ, ಓರೆ ಉಕ್ಕು, ಆ ಕಾಲಕ್ಕೆ ದೊಡ್ಡದಾದ 76 ಮಿ.ಮೀ. ತೋಪು. 1941ರಲ್ಲಿ ಜರ್ಮನರು ಇದನ್ನು ನೋಡಿ ಬೆಚ್ಚಿದ್ದು ಸುಮ್ನೆ ಅಲ್ಲ.

ಆದರೆ ಹೊಗಳುವವರು ಅರ್ಧ ಕತೆ ಹೇಳಿ ನಿಲ್ಲಿಸುತ್ತಾರೆ. ಟಿ-34ರ ಟರೆಟ್, ಅಂದರೆ ಮೇಲೆ ತಿರುಗುವ ತಲೆ, ಅದರೊಳಗೆ ಇಬ್ಬರಿಗೆ ಮಾತ್ರ ಜಾಗ. ಒಬ್ಬ ಗುಂಡು ತುಂಬುತ್ತಾನೆ. ಇನ್ನೊಬ್ಬ ಕಮಾಂಡರ್, ಅವನೇ ಗುರಿಯೂ ಇಡಬೇಕು. ಬಸ್ ಓಡಿಸುವವನೇ ಟಿಕೆಟ್ ಕೂಡ ಕೊಡುತ್ತಾ ಹೋದರೆ ಹೇಗಿರುತ್ತೆ, ಹಾಗೆ. ಗುರಿ ಇಡುವಾಗ ಸುತ್ತ ಏನಾಗುತ್ತಿದೆ ಕಾಣುವುದಿಲ್ಲ. ಶುರುವಿನಲ್ಲಿ ಎಷ್ಟೋ ಟ್ಯಾಂಕ್‌ಗಳಿಗೆ ರೇಡಿಯೋ ಕೂಡ ಇರಲಿಲ್ಲ. ಗೇರ್ ಬದಲಾಯಿಸುವುದು ಪೈಲ್ವಾನರ ಕೆಲಸ. 1944ರಲ್ಲಿ 85 ಮಿ.ಮೀ. ತೋಪಿನ ಮಾದರಿ ಬಂದಾಗ ಟರೆಟ್ ದೊಡ್ಡದಾಗಿ ಮೂರು ಜನ ಕೂರುವಂತಾಯಿತು, ಆಗ ಸರಿಯಾಯಿತು. ಯುದ್ಧದ ಕಾಲದಲ್ಲಿ 55,000ಕ್ಕೂ ಜಾಸ್ತಿ ಟಿ-34 ಮಾಡಿದರು. ಕಳೆದುಕೊಂಡಿದ್ದು ಹತ್ತಿರ ಹತ್ತಿರ 45,000. ಒಂದೊಂದರಲ್ಲೂ ನಾಲ್ಕೋ ಐದೋ ಹುಡುಗರು. ಗೆದ್ದ ಟ್ಯಾಂಕ್ ಅನ್ನುವಾಗ ಈ ಲೆಕ್ಕವೂ ಪಕ್ಕದಲ್ಲಿರಲಿ.

ಇನ್ನು ನಮ್ಮ ಹುಡುಗನ ಟೈಗರ್. 100 ಮಿ.ಮೀ. ಉಕ್ಕು, 88 ಮಿ.ಮೀ. ತೋಪು. ಒಂದಕ್ಕೊಂದು ಎದುರು ನಿಲ್ಲಿಸಿದರೆ 1942-43ರಲ್ಲಿ ಅದರ ಮುಂದೆ ನಿಲ್ಲುವ ಟ್ಯಾಂಕ್ ಇರಲಿಲ್ಲ, ಒಪ್ಪಿಕೊಳ್ಳೋಣ. ಆದರೆ ಅದರ ಗಾಲಿಗಳನ್ನು ನೋಡಿ. ಒಂದರ ಮೇಲೊಂದು ಅರ್ಧ ಮುಚ್ಚಿಕೊಂಡ ಹಾಗೆ ಜೋಡಿಸಿದ್ದಾರೆ, ತಾಟಿನಲ್ಲಿ ರೊಟ್ಟಿ ಹರಡಿಟ್ಟ ಹಾಗೆ. ತೂಕ ಹಂಚಲು ಒಳ್ಳೆಯ ಉಪಾಯ, ಕೂತವರಿಗೆ ಕುಲುಕೂ ಕಡಿಮೆ. ಒಳಗಿನ ಒಂದು ಗಾಲಿ ಕೆಟ್ಟರೆ ಮಾತ್ರ ಹೊರಗಿನವು ಎಷ್ಟೋ ಬಿಚ್ಚಬೇಕು. ರಾತ್ರಿ ಕೆಸರು ಆ ಸಂದಿಗಳಲ್ಲಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಗಾಲಿ ತಿರುಗುವುದೇ ಇಲ್ಲ. ರೈಲಿಗೆ ಹತ್ತಿಸಬೇಕಾದರೆ ಅಗಲ ಪಟ್ಟಿ ಬಿಚ್ಚಿ ಕಿರಿದಾದ ಪಟ್ಟಿ ಹಾಕಬೇಕು, ಇಳಿಸಿದ ಮೇಲೆ ಮತ್ತೆ ಬದಲಿಸಬೇಕು. 540 ಲೀಟರ್ ಪೆಟ್ರೋಲ್ ತುಂಬಿಸಿದರೂ ಹೊಲ ಗದ್ದೆಯಲ್ಲಿ ಓಡುವುದು ನೂರು ಕಿ.ಮೀ. ಚಿಲ್ಲರೆ. ಮತ್ತೆ ಹೂತರೆ? ಒಂದು ಟೈಗರಿನಿಂದ ಇನ್ನೊಂದು ಟೈಗರನ್ನು ಎಳೆಯಬಾರದು ಅಂತ ನಿಯಮವೇ ಇತ್ತು, ಎಳೆಯುವ ಟ್ಯಾಂಕಿನ ಎಂಜಿನ್, ಗೇರ್‌ಬಾಕ್ಸ್ ಹಾಳಾಗುತ್ತೆ ಅಂತ. ಅದಕ್ಕೆ ದೊಡ್ಡ ಎಳೆಗಾಡಿಗಳು ಒಂದಲ್ಲ, ಎರಡು ಮೂರು ಬೇಕು. ನಮ್ಮ ಹೊಲದಲ್ಲಿ ಎರಡನೇ ಟ್ರ್ಯಾಕ್ಟರ್ ಕುಂತಿದ್ದು ನೆನಪಾಯಿತು ನನಗೆ. ಕೆಟ್ಟು ನಿಂತ ಟೈಗರ್‌ಗಳನ್ನು ಎಳೆಯಲಾಗದೆ ಜರ್ಮನರೇ ಬಾಂಬಿಟ್ಟು ಒಡೆದು ಹೋಗಿದ್ದುಂಟು. ಒಟ್ಟು ಮಾಡಿದ್ದೇ ಸುಮಾರು 1,350.

ಶರ್ಮನ್ ನೋಡಲು ಚೆಂದ ಇಲ್ಲ. ಎತ್ತರ, ಡಬ್ಬಿಯ ಹಾಗೆ. ಶುರುವಿನ 75 ಮಿ.ಮೀ. ತೋಪು ಟೈಗರಿನ ಮುಂಭಾಗಕ್ಕೆ ಸಾಲುತ್ತಿರಲಿಲ್ಲ. ಗುಂಡು ಬಿದ್ದರೆ ಒಳಗಿಟ್ಟ ಮದ್ದುಗುಂಡು ಹೊತ್ತಿಕೊಂಡು ಸುಟ್ಟುಹೋಗುತ್ತೆ ಅಂತ ಕೆಟ್ಟ ಹೆಸರೂ ಬಂತು, ಆಮೇಲೆ ಗುಂಡುಗಳ ಸುತ್ತ ನೀರು ತುಂಬಿದ ಪೆಟ್ಟಿಗೆ ಇಟ್ಟು ಅದನ್ನು ಬಹಳ ಮಟ್ಟಿಗೆ ತಗ್ಗಿಸಿದರು. ಆದರೆ ಇದನ್ನು ಮಾಡಿದವರು ಕಾರು, ರೈಲು ಎಂಜಿನ್ ಮಾಡಿ ಪಳಗಿದವರು. ಸಾಮಾನು ಎಲ್ಲಾದರೂ ಮಾಡಿರಲಿ, ತಂದು ಕೂರಿಸಿದರೆ ಕೂರುತ್ತದೆ. ಮುಂದಿನ ಮೂತಿಯ ಬೋಲ್ಟ್ ಬಿಚ್ಚಿದರೆ ಗೇರ್‌ಬಾಕ್ಸ್ ಹೊರಗೆ ಬರುತ್ತದೆ. ಎಂಜಿನ್ ಸಾಲದೆ ಹೋದಾಗ ಐದು ಕಾರಿನ ಎಂಜಿನ್ ಒಟ್ಟು ಜೋಡಿಸಿ ಒಂದು ಮಾಡಿ ಒಳಗಿಟ್ಟರು, ಮೂವತ್ತು ಸಿಲಿಂಡರ್! ನಮ್ಮ ಗ್ಯಾರೇಜ್ ಮಿಸ್ತ್ರಿಗಳು ಕೇಳಿದರೆ ಖುಷಿಪಡುತ್ತಾರೆ. ಹತ್ತಿರ ಹತ್ತಿರ 50,000 ಮಾಡಿ ಹಡಗಿನಲ್ಲಿ ಹಾಕಿ ಅರ್ಧ ಜಗತ್ತಿಗೆ ಕಳಿಸಿದರು. ಟೈಗರನ್ನು ಅಷ್ಟು ದೂರ ಒಯ್ಯಬೇಕಾಗಿದ್ದರೆ ಗೊತ್ತಾಗುತ್ತಿತ್ತು.

ಈ ಶರ್ಮನ್ ನಮ್ಮ ಬಾಗಿಲಿಗೂ ಬಂದಿತ್ತು. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ನಡೆಸಿದ ಪಡೆ ಸೋಲಾಪುರದಿಂದ ಹೊರಟು ಆಳಂದದಾಚೆಯ ನಳದುರ್ಗದ ಮೇಲೆ ನಿಜಾಮನ ರಾಜ್ಯದೊಳಗೆ ಬಂತು, ಅದರಲ್ಲಿ ಶರ್ಮನ್‌ಗಳೂ ಇದ್ದವು, ಹಗುರಾದ ಸ್ಟುವರ್ಟ್‌ಗಳೂ ಇದ್ದವು. ಉತ್ತರಿ ಮಳೆಯ ದಿನಗಳು. ಐದು ದಿನದಲ್ಲಿ, 17ಕ್ಕೆ, ನಿಜಾಮ ಸೋಲೊಪ್ಪಿಕೊಂಡ. ಪ್ರತಿ ವರ್ಷ ಆ ದಿನ ನಾವು ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಧ್ವಜ ಹಾರಿಸುತ್ತೇವಲ್ಲ, ಅದು ಇದೇ. ಟೈಗರ್ ಮುಂದೆ ಕಳಪೆ ಅನಿಸಿಕೊಂಡ ಟ್ಯಾಂಕ್ ಇಲ್ಲಿ ರಾಜ, ಯಾಕಂದರೆ ಎದುರಿಗೆ ಅಂಥದ್ದು ಇರಲಿಲ್ಲ. ಟ್ಯಾಂಕಿನ ಯೋಗ್ಯತೆಯಲ್ಲಿ ಅರ್ಧ ಎದುರಾಳಿಯದು.

ಅದೇ ಚೌಧುರಿ 1965ರ ಯುದ್ಧದ ಹೊತ್ತಿಗೆ ಸೇನಾ ಮುಖ್ಯಸ್ಥರು. ಪಾಕಿಸ್ತಾನದ ಹತ್ತಿರ ಅಮೆರಿಕದ ಪ್ಯಾಟನ್. ಆ ಕಾಲಕ್ಕೆ ಹೊಸದು, 90 ಮಿ.ಮೀ. ತೋಪು, ದೂರ ಅಳೆದು ಗುರಿ ಕೂರಿಸುವ ಉಪಕರಣ, ಎಲ್ಲಾ ಇತ್ತು. ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಎದುರಿಗಿದ್ದ ನಮ್ಮ ಮೂರು ರೆಜಿಮೆಂಟ್‌ಗಳಲ್ಲಿ ಒಂದರ ಹತ್ತಿರ ಬ್ರಿಟಿಷ್ ಸೆಂಚೂರಿಯನ್, ಇನ್ನೊಂದರ ಹತ್ತಿರ ಫ್ರಾನ್ಸಿನ ಹಗುರ ಎಎಂಎಕ್ಸ್-13. ಮೂರನೆಯದರ ಹತ್ತಿರ ತೋಪು ಬದಲಿಸಿದ ಹಳೇ ಶರ್ಮನ್. ಆ ಮೂರನೆಯದೇ ಡೆಕ್ಕನ್ ಹಾರ್ಸ್! ಸೊಮ್‌ನಲ್ಲಿ ಭರ್ಚಿ ಹಿಡಿದವರ ರೆಜಿಮೆಂಟ್.

ನಮ್ಮವರು ಕುದುರೆ ಲಾಳದ ಆಕಾರದಲ್ಲಿ ಕಬ್ಬಿನ ಗದ್ದೆಯೊಳಗೆ ಟ್ಯಾಂಕ್ ಬಚ್ಚಿಟ್ಟು ಕೂತರು. ಹೊಲಗಳಿಗೆ ನೀರು ಬಿಟ್ಟರು. ಭಾರದ ಪ್ಯಾಟನ್‌ಗಳು ಬಂದು ಆ ಕೆಸರಿನಲ್ಲಿ ನಿಧಾನವಾದವು, ಕೆಲವು ಹೂತವು. ನೀರು ಹರಿಸಿದ ಹೊಲಕ್ಕೆ ಭಾರದ ಗಾಡಿ ಇಳಿಸಬಾರದು ಅಂತ ಯಾವ ರೈತನನ್ನು ಕೇಳಿದರೂ ಹೇಳುತ್ತಿದ್ದ. ಹತ್ತಿರದಿಂದ, ಪಕ್ಕದಿಂದ ಹೊಡೆದರೆ ಹಳೇ ಶರ್ಮನ್ ತೋಪೂ ಸಾಕು. ಹವಾಲ್ದಾರ್ ಅಬ್ದುಲ್ ಹಮೀದ್ ಅವರ ಹತ್ತಿರ ಟ್ಯಾಂಕೂ ಇರಲಿಲ್ಲ, ಜೀಪಿನ ಮೇಲೆ ಕೂರಿಸಿದ 106 ಮಿ.ಮೀ. ತೋಪು ಅಷ್ಟೇ. ಒಂದಾದ ಮೇಲೆ ಒಂದು ಪ್ಯಾಟನ್ ಒಡೆದು ಕೊನೆಗೆ ಅಲ್ಲೇ ಪ್ರಾಣ ಬಿಟ್ಟರು, ಪರಮವೀರ ಚಕ್ರ ಬಂತು. ಸೆಪ್ಟೆಂಬರ್ 10ರ ಹೊತ್ತಿಗೆ ಅಲ್ಲಿ ಬಿದ್ದ ಪ್ಯಾಟನ್ ಎಷ್ಟಿದ್ದವೆಂದರೆ, ಅವನ್ನು ಗುಡ್ಡೆ ಹಾಕಿದ ಜಾಗಕ್ಕೆ ಪ್ಯಾಟನ್ ನಗರ ಅಂತ ಹೆಸರಾಯಿತು.

ಇದರಿಂದ ಪ್ಯಾಟನ್ ಕೆಟ್ಟ ಟ್ಯಾಂಕ್ ಅಂತ ತಿಳಿಯಬೇಡಿ. ಆ ಹೊಲಕ್ಕೆ ಆ ದಿನ ಅದನ್ನು ಇಳಿಸಿದವರ ಲೆಕ್ಕ ಕೆಟ್ಟದಿತ್ತು. 1971ರಲ್ಲಿ ರಾಜಸ್ಥಾನದ ಲೋಂಗೆವಾಲಾದಲ್ಲೂ ಹೀಗೇ. ಅಲ್ಲಿ ಕೆಸರಿನ ಬದಲು ಮರಳು. ಪಾಕಿಸ್ತಾನದವರು ತಂದ, ಚೀನಾ ಮಾಡಿದ ಟಿ-59ಗಳು ಮರಳಲ್ಲಿ ಪರದಾಡುತ್ತಿರುವಾಗಲೇ ಬೆಳಗಾಯಿತು, ಜೈಸಲ್ಮೇರಿನಿಂದ ಬೆರಳೆಣಿಕೆಯ ಹಂಟರ್ ವಿಮಾನಗಳು ಬಂದವು. ಬೀದರ್ ವಾಯುನೆಲೆಯ ಹಾಕ್ ವಿಮಾನ ತಲೆ ಮೇಲೆ ಕೆಳಗೆ ಹಾರಿಹೋಗುವುದನ್ನು ನೋಡಿದವರಿಗೆ ಬಯಲಲ್ಲಿ ಸಿಕ್ಕಿಕೊಂಡ ಟ್ಯಾಂಕಿನವರ ಎದೆ ಹೇಗೆ ಹೊಡೆದುಕೊಂಡಿರಬೇಕು ಅಂತ ಹೇಳಬೇಕಿಲ್ಲ.

ಈಗಿನ ಟ್ಯಾಂಕ್‌ಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಇಲ್ಲಿ ಜಗಳ ಮುಖ್ಯವಾಗಿ ಒಂದೇ ವಿಷಯಕ್ಕೆ: ಗುಂಡುಗಳನ್ನು ಎಲ್ಲಿಡಬೇಕು? ರಷ್ಯಾದ ಟಿ-72, ಅದರ ದಾರಿಯಲ್ಲೇ ಬಂದ ಟಿ-90, ಇವೆರಡೂ ನಮ್ಮ ಸೇನೆಯಲ್ಲಿವೆ, ಅಜೇಯ ಮತ್ತು ಭೀಷ್ಮ ಅಂತ ಹೆಸರು. ಗುಂಡು ತುಂಬಲು ಮನುಷ್ಯ ಇಲ್ಲ, ಯಂತ್ರ ತುಂಬುತ್ತದೆ. ಹಾಗಾಗಿ ಮೂರೇ ಜನ, ಟ್ಯಾಂಕ್ ಗಿಡ್ಡ, ಹಗುರ, ಸುಲಭಕ್ಕೆ ಕಣ್ಣಿಗೆ ಬೀಳಲ್ಲ. ಆದರೆ ಗುಂಡುಗಳು ಸಿಬ್ಬಂದಿಯ ಕಾಲ ಕೆಳಗೇ ದುಂಡಗೆ ಜೋಡಿಸಿರುತ್ತವೆ. ಅಲ್ಲಿಗೆ ಬೆಂಕಿ ಮುಟ್ಟಿದರೆ ಟರೆಟ್ ಪ್ರೆಶರ್ ಕುಕ್ಕರ್ ಮುಚ್ಚಳ ಹಾರಿದ ಹಾಗೆ ಹಾರುತ್ತದೆ. ಉಕ್ರೇನಿನ ವಿಡಿಯೋಗಳಲ್ಲಿ ಎಲ್ಲರೂ ನೋಡಿದ್ದೀರಿ. ಅಮೆರಿಕದ ಎಬ್ರಾಮ್ಸ್‌ನಲ್ಲಿ ಬಹುಪಾಲು ಗುಂಡು ಟರೆಟ್ ಹಿಂದಿನ ಬೇರೆ ಕೋಣೆಯಲ್ಲಿ, ನಡುವೆ ಉಕ್ಕಿನ ಬಾಗಿಲು. ಸ್ಫೋಟವಾದರೆ ಆ ಕೋಣೆಯ ಮೇಲ್ಛಾವಣಿ ಹಾರಿ ಬೆಂಕಿ ಆಚೆ ಹೋಗುತ್ತದೆ, ಜನ ಉಳಿಯುತ್ತಾರೆ. ಅದಕ್ಕೆ ಕೊಟ್ಟ ಬೆಲೆ ತೂಕ, 60 ಟನ್‌ಗೂ ಜಾಸ್ತಿ.

ನಮ್ಮ ಅರ್ಜುನ್ ಕೂಡ ಭಾರದ್ದೇ. ಮಾರ್ಕ್ 1ಎ 68 ಟನ್, ಟಿ-90ಗಿಂತ 20 ಟನ್ ಜಾಸ್ತಿ. ಹಾಗಾದರೆ ಹೂಳುತ್ತೆ ಅಂತೀರಾ? ಅದರ ಪಟ್ಟಿ ಅಗಲ, ಹಿಟಾಚಿಯ ಹಾಗೆ ಭಾರ ಹಂಚಿಕೊಳ್ಳುತ್ತದೆ. ಮಣ್ಣು ಸುಮ್ಮನಿರುತ್ತದೆ, ಸೇತುವೆ ಸುಮ್ಮನಿರುವುದಿಲ್ಲ. ಪಟ್ಟಿ ಎಷ್ಟೇ ಅಗಲ ಇರಲಿ, ಸೇತುವೆ ಕೇಳುವುದು ಒಟ್ಟು ತೂಕ. ಕಾಲುವೆಗಳೇ ತುಂಬಿದ ಪಂಜಾಬಿನಲ್ಲಿ ಇದು ಸಣ್ಣ ವಿಷಯ ಅಲ್ಲ. 2021ರಲ್ಲಿ ಸೇನೆ ಬೇಡಿಕೆ ಇಟ್ಟಿದ್ದು 118ಕ್ಕೆ ಮಾತ್ರ.

ಕೊನೆಗೆ ಹುಡುಗ ಕೇಳಿದ, "ಹಂಗಾದ್ರ ನಿಮಗ ಯಾವುದು ಛಲೋ ಅನಸ್ತದ ಕಾಕಾ?" ನಾನು ಸ್ಟುವರ್ಟ್ ಅಂದೆ. ಅವನು ಕೇಳಿರಲೇ ಇಲ್ಲ. ಎರಡನೇ ಮಹಾಯುದ್ಧದಲ್ಲೇ ಹಳತು ಅನಿಸಿಕೊಂಡಿದ್ದ ಹದಿನೈದು ಟನ್ನಿನ ಟ್ಯಾಂಕ್ ಅದು, ತೋಪು ಬರೀ 37 ಮಿ.ಮೀ. ನಿಜಾಮ ಸೋತ ಅದೇ 1948ರಲ್ಲಿ, ಲಡಾಖಿಗೆ ಹೋಗುವ ಜೋಜಿಲಾ ಕಣಿವೆಯನ್ನು ಪಾಕಿಸ್ತಾನದ ಕಡೆಯವರು ಹಿಡಿದು ಕೂತಿದ್ದರು. ಕಾಲಾಳುಗಳು ಹತ್ತಲು ನೋಡಿ ಸೋತಿದ್ದರು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಅಲ್ಲಿಗೆ ಟ್ಯಾಂಕ್ ಹತ್ತಿಸುತ್ತೇನೆ ಅಂದರು. 11,500 ಅಡಿ ಎತ್ತರ. ಗುಟ್ಟು ಬಯಲಾಗಬಾರದು ಅಂತ ಟರೆಟ್ ಬಿಚ್ಚಿ, ಬೇರೆ ಬೇರೆ ಮಾಡಿ ಸಾಗಿಸಿದರು. ಹೇಸರಗತ್ತೆ ಹೋಗುವ ದಾರಿಯನ್ನು ಮದ್ರಾಸ್ ಸ್ಯಾಪರ್ಸ್ ಅನ್ನುವ ಸೇನೆಯ ಎಂಜಿನಿಯರ್ ಪಡೆ, ಬೆಂಗಳೂರಿನವರೇ, ಬಂಡೆ ಒಡೆದು ಅಗಲ ಮಾಡಿದರು. ನವೆಂಬರ್ 1ರಂದು, ಹಿಮ ಬೀಳುವ ಕಾಲದಲ್ಲಿ, 7ನೇ ಕ್ಯಾವಲ್ರಿಯ ಸ್ಟುವರ್ಟ್‌ಗಳು ಕಣಿವೆ ಹತ್ತಿದವು. ಬಂಕರಿನಲ್ಲಿ ಕೂತವರ ಹತ್ತಿರ ಟ್ಯಾಂಕ್ ಒಡೆಯುವ ತಯಾರಿಯೇ ಇರಲಿಲ್ಲ, ಯಾಕಂದರೆ ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತೆ ಅಂತ ಯಾರೂ ಎಣಿಸಿರಲಿಲ್ಲ. ಅವತ್ತೇ ಕಣಿವೆ ನಮ್ಮ ಕೈಗೆ ಬಂತು. ಟೈಗರ್ ಆಗಿದ್ದರೆ ಮೊದಲ ತಿರುವಿನಲ್ಲೇ ನಿಲ್ಲುತ್ತಿತ್ತು.

ಹುಡುಗ ಅಲ್ಲೇ ಬಾರಾ ಗಜಿ ತೋಪಿಗೆ ಒರಗಿಕೊಂಡು ಫೋನಿನಲ್ಲಿ ಸ್ಟುವರ್ಟ್ ಹುಡುಕಿದ. ಫೋಟೋ ದೊಡ್ಡದು ಮಾಡಿ ಎರಡು ನಿಮಿಷ ನೋಡಿದ.

"ಇದರ ತೋಪು ನೋಡ್ರಿ ಕಾಕಾ, ನಮ್ಮ ಬೋರಿನ ಪೈಪಿನಷ್ಟೂ ಇಲ್ಲ."